ಪಿಂತಿಲಿಯೆ ಮೇಷ್ಟ್ರು ಹಲ್ಲಿಗೆ ಸಾಲ ಹುಡುಕಿದ್ದು

ಸೊಚೇನಿಯ ಪಿಂತಿಲಿಯೆ ಮೇಷ್ಟ್ರ ಕೊನೆಯ ಮುಂಬಲ್ಲನ್ನು ಕಿತ್ತುಕೊಂಡದ್ದು ಅವರ ಸಂಬಳವೇ. ನಮ್ಮ ವಸ್ಲುಯಿ ಜಿಲ್ಲೆಯ ಹಳ್ಳಿಗಳಲ್ಲಿ ಪಾದ್ರಿಯ ಜೊತೆ ನಿಂತು ಚರ್ಚಿನಲ್ಲಿ ಹಾಡುವವನನ್ನು ಮೇಷ್ಟ್ರು ಅನ್ನುತ್ತಾರೆ, ಅವನು ಯಾರಿಗೂ ಒಂದಕ್ಷರ ಕಲಿಸಿರದಿದ್ದರೂ ಸರಿ. ಅವನ ಕೈಗೆ ಬರುವ ಕಾಸು ಅಷ್ಟಕ್ಕಷ್ಟೆ, ಉಳಿದದ್ದು ರೊಟ್ಟಿಯಾಗಿ ಬರುತ್ತದೆ. ಸತ್ತವರ ಹೆಸರಲ್ಲಿ ಊಟ ಹಾಕಿಸುವ ದಿನ ಜಡೆಯಂತೆ ಹೆಣೆದು, ಬಳೆಯಂತೆ ಬಾಗಿಸಿ ಸುಟ್ಟ ಕೊಲಾಕ್ ಎಂಬ ರೊಟ್ಟಿಯನ್ನು ಮೊದಲು ಪಾದ್ರಿಗೆ, ಆಮೇಲೆ ಮೇಷ್ಟ್ರಿಗೆ ಕೊಡಬೇಕು. ಆ ಚಳಿಗಾಲ ವಿಧವೆ ಪ್ರೋಫಿರ ತನ್ನ ಗಂಡನ ವರ್ಷದ ಊಟಕ್ಕೆ ಸುಟ್ಟ ಕೊಲಾಕ್ ಸ್ವಲ್ಪ ಹೆಚ್ಚೇ ಬೆಂದಿತ್ತು. ಕೊಟ್ಟದ್ದನ್ನು ಅಲ್ಲೇ ಒಂದು ತುತ್ತಾದರೂ ಕಚ್ಚದಿದ್ದರೆ ಸತ್ತವನಿಗೆ ಅವಮಾನ. ಮೇಷ್ಟ್ರು ಕಚ್ಚಿದರು. ರೊಟ್ಟಿ ಹಾಗೇ ಉಳಿಯಿತು, ಹಲ್ಲು ಅದರಲ್ಲಿ ಉಳಿಯಿತು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಸಾಮಾನ್ಯರ ಪಾಡು. ಮೇಷ್ಟ್ರಿಗೆ ಕಡಲೆಯ ಚಿಂತೆ ಇರಲಿಲ್ಲ, ಹಾಡಿನ ಚಿಂತೆ. ಜನವರಿಯಲ್ಲಿ ಪಾದ್ರಿ ಮನೆಮನೆಗೆ ಹೋಗಿ ಮಂತ್ರಿಸಿದ ನೀರು ಚಿಮುಕಿಸುವಾಗ ಮೇಷ್ಟ್ರು ಹಿಂದೆ ನಿಂತು ಹಾಡಬೇಕು. ಬಾಯಿ ತೆರೆದರೆ ಅರ್ಧ ಸ್ವರ, ಅರ್ಧ ಗಾಳಿ. ಒಂದು ಮನೆಯಲ್ಲಿ ಮಕ್ಕಳು ಕಿಸಕ್ಕೆಂದವು. ಇನ್ನೊಂದು ಮನೆಯಲ್ಲಿ ಮನೆಯ ಯಜಮಾನನೇ ಟೋಪಿಯೊಳಗೆ ಮುಖವಿಟ್ಟು ಕೆಮ್ಮಿದ.

ಪಾದ್ರಿ ವಿಸಾರಿಯೋನ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ದಾರಿಯಲ್ಲಿ ಹಿಮ ತುಳಿಯುತ್ತಾ ಮೆಲ್ಲಗೆ ಮಾತು ತೆಗೆದರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ದೇವರಿಗೆ ನಿಮ್ಮ ಹಾಡು ಅರ್ಥ ಆಗತ್ತೆ. ಜನಕ್ಕೆ ಆಗ್ತಿಲ್ಲ."

"ದೇವರಿಗೆ ಆದ್ರೆ ಸಾಲ್ದಾ ಸ್ವಾಮಿ?"

"ನನಗೆ ಸಾಕು. ಆದ್ರೆ ಊರಿನವರು ಬಿಷಪ್ಪರಿಗೆ ಬರೀತಾರೆ. ಈಸ್ಟರ್ ಹಿಂದಿನ ಗರಿಗಳ ಭಾನುವಾರದ ಹೊತ್ತಿಗೆ ಏನಾದ್ರೂ ದಾರಿ ನೋಡಿ. ಇಲ್ಲಾಂದ್ರೆ ರಕೀಟದ ಇರಿಮಿಯನ್ನ ಕರೆಸಬೇಕಾಗತ್ತೆ."

ಇರಿಮಿಯ ಪಕ್ಕದ ಹಳ್ಳಿಯ ಮೇಷ್ಟ್ರು. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಹಾಡು ಕಲಿತವರು. ಒಮ್ಮೆ ಬಿಷಪ್ ಬಂದ ದಿನ ಯಾರ ಶ್ರುತಿ ತಪ್ಪಿತು ಅನ್ನುವ ಜಗಳದಲ್ಲಿ ಮಾತು ಬಿಟ್ಟವರು ಇಲ್ಲಿಯವರೆಗೂ ಆಡಿಲ್ಲ. ತನ್ನ ಜಾಗದಲ್ಲಿ, ತಾನು ಮೊಣಕೈಯೂರಿ ನುಣುಪು ಮಾಡಿದ ಆ ಮರದ ಕಟಕಟೆಯಲ್ಲಿ ಇರಿಮಿಯ ನಿಲ್ಲುವುದನ್ನು ನೆನೆದರೆ ಪಿಂತಿಲಿಯೆಗೆ ಅನ್ನನೀರು ಇಳಿಯಲಿಲ್ಲ. ಹಲ್ಲಿಲ್ಲದಿದ್ದರೂ ಬದುಕಬಹುದು, ಆ ಕಟಕಟೆ ಇಲ್ಲದೆ ತಾನು ಯಾರು?

ಪೇಟೆಯ ದಂತವೈದ್ಯರು ಬಾಯಿ ನೋಡಿ, ಮೇಲೂ ಕೆಳಗೂ ಹಲ್ಲು ಕಟ್ಟಿಸಲು ನಾಲ್ಕು ಸಾವಿರ ಲೇ ದುಡ್ಡಾಗುತ್ತದೆ ಎಂದರು. ಮನೆಯಲ್ಲಿ ಇದ್ದದ್ದು ಪೆಟ್ಟಿಗೆಯ ತಳದ ಎರಡು ಸಾವಿರ. ಅದು ಗಂಡಹೆಂಡಿರ ಸಾವಿನ ದುಡ್ಡು. ಶವಪೆಟ್ಟಿಗೆಗೆ, ಮೇಣದ ಬತ್ತಿಗೆ, ಬಂದವರ ಊಟಕ್ಕೆ ಎಂದು ಹೆಂಡತಿ ಸಾಫ್ತ ಕಟ್ಟಿಟ್ಟದ್ದು. ಮೂರು ವರ್ಷದ ಹಿಂದೆ ಮೇಷ್ಟ್ರ ಕಣ್ಣಿಗೆ ಪೊರೆ ಬಂದಾಗಲೂ ಆಕೆ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಹೆಬ್ಬಾತಿನ ಪುಕ್ಕ ಮಾರಿದ ದುಡ್ಡು ಎಂದು ಏಪ್ರನ್ನಿನ ಜೇಬಿನಿಂದ ತೆಗೆದು ಆಪರೇಷನ್ನಿಗೆ ಕೊಟ್ಟಿದ್ದಳು.

"ಸಾಲ ಮಾಡೋಣ," ಅಂದರು ಮೇಷ್ಟ್ರು.

"ಮಾಡಿ. ಯಾರ ಹತ್ರ?" ಅಂದಳು ಸಾಫ್ತ, ಒಲೆಯಿಂದ ತಲೆಯೆತ್ತದೆ.

ಯಾರ ಹತ್ತಿರ? ಈ ಪ್ರಶ್ನೆ ಮೇಷ್ಟ್ರನ್ನು ಹಿಡಿದುಕೊಂಡಿತು. ಪಿಂತಿಲಿಯೆ ಹುಟ್ಟಾ ಕುತೂಹಲಿ. ಬಾವಿ ತೋಡುವವನು ಸಿಕ್ಕಿದರೆ ನೀರಿನ ಸುಳಿವು ಹೇಗೆ ಸಿಗುತ್ತದೆ ಎಂದು ಕೇಳುವವರು, ಜೇನು ಸಾಕುವವನು ಸಿಕ್ಕಿದರೆ ರಾಣಿ ಸತ್ತಾಗ ಉಳಿದವಕ್ಕೆ ದುಃಖವಾಗುತ್ತದೆಯೇ ಎಂದು ಕೇಳುವವರು. ಕಣ್ಣಿನ ವೈದ್ಯರನ್ನು ಆಪರೇಷನ್ ಮೇಜಿನ ಮೇಲೆ ಮಲಗಿಯೇ ಪ್ರಶ್ನೆ ಕೇಳಿ ಸುಸ್ತು ಮಾಡಿದವರು. "ಇವರನ್ನ ಗುಂಡಿಗೆ ಇಳಿಸುವಾಗ್ಲೂ ಹಗ್ಗ ಎಲ್ಲಿ ತಗೊಂಡ್ರಿ ಅಂತ ಕೇಳ್ತಾರೆ," ಎಂದು ಸಾಫ್ತ ಆಡಿಕೊಳ್ಳುತ್ತಿದ್ದಳು.

ಸೊಚೇನಿಯ ಸಂತೆ ಸೋಮವಾರ. ಆ ಚಳಿಗಾಲ ಸಂತೆಯಲ್ಲಿ ಹೊಳೆಯುವ ಜಾಕೆಟ್ಟಿನ ಯುವಕನೊಬ್ಬ ಪುಟ್ಟ ಮೇಜು ಹಾಕಿಕೊಂಡು ಕೂರುತ್ತಿದ್ದ. ಯಾವುದೋ ಕಂಪನಿಯ ಪರವಾಗಿ ಕೈಸಾಲ ಕೊಡುತ್ತಿದ್ದ.

"ಬನ್ನಿ ಅಜ್ಜ, ಗುರುತಿನ ಚೀಟಿ ಇದ್ರೆ ಸಾಕು. ಒಂದು ಕಾಫಿ ಕುಡಿಯೋದ್ರಲ್ಲಿ ದುಡ್ಡು ಕೈಗೆ."

"ಒಟ್ಟು ಎಷ್ಟು ವಾಪಸ್ ಕೊಡ್ಬೇಕಪ್ಪ?"

"ತಿಂಗಳಿಗೆ ಇಷ್ಟೇ ಅಜ್ಜ, ನಿಮ್ಮ ಕೋಳಿ ಮೇವಿಗಿಂತ ಕಮ್ಮಿ."

"ನಾನು ಒಟ್ಟು ಕೇಳಿದೆ."

"ಒಟ್ಟು ಯಾಕೆ ಅಜ್ಜ, ತಲೆನೋವು. ತಿಂಗಳಿಂದ ತಿಂಗಳಿಗೆ ನೋಡ್ಕೊಂಡ್ರಾಯ್ತು."

"ಮಧ್ಯದಲ್ಲಿ ನಾನು ಸತ್ರೆ?"

"ಬಿಡ್ತು ಅನ್ನಿ, ನೂರು ವರ್ಷ ಬಾಳ್ತೀರಿ."

"ನಾನು ಹಾಡಿ ಕಳಿಸಿದೋರಿಗೆಲ್ಲ ಯಾರಾದ್ರೂ ಹಾಗೇ ಹೇಳಿದ್ರು."

ಯುವಕ ನಕ್ಕು, ಮುಂದಕ್ಕೆ ಬಾಗಿ, ದನಿ ತಗ್ಗಿಸಿದ. "ನಾಚ್ಕೊಬೇಡಿ. ನಿಮ್ಮೂರಲ್ಲೇ ಎಷ್ಟು ಜನ ತಗೊಂಡಿದ್ದಾರೆ ಗೊತ್ತಾ? ಆ ಟ್ರ್ಯಾಕ್ಟರ್ ರಿಪೇರಿಯವರು, ಆ ಹಸಿರು ಗೇಟಿನ ಮನೆಯಮ್ಮ..."

ಮೇಷ್ಟ್ರ ಕಿವಿ ನೆಟ್ಟಗಾಯಿತು. ಇಂಥ ಸುದ್ದಿ ಬಿಟ್ಟಿಯಾಗಿ ಸಿಗುವಾಗ ಬಿಡುವ ಜಾಯಮಾನ ಅವರದಲ್ಲ. ಅಷ್ಟರಲ್ಲಿ ಹಿಂದಿನಿಂದ ಕೋಟಿನ ತೋಳು ಯಾರೋ ಎಳೆದಂತಾಯಿತು. ಸಾಫ್ತ, ಕೈಯಲ್ಲಿ ಬಿತ್ತನೆಯ ಈರುಳ್ಳಿಯ ಬುಟ್ಟಿ.

"ಇವತ್ತು ಯಾವ ವಾರ?"

"ಸೋಮವಾರ. ಸಂತೆ ಅಲ್ವಾ?"

"ಸೋಮವಾರ ನಮ್ಮ ಮನೆಯಿಂದ ಒಂದು ಹಿಡಿ ಉಪ್ಪು ಆಚೆ ಹೋಗಿದ್ದು ನೋಡಿದ್ದೀರಾ?"

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಸೋಮವಾರ ಮಾರಬಹುದು, ಕೊಳ್ಳಬಹುದು, ಆದರೆ ಮನೆಯ ವಸ್ತುವನ್ನು ಕೈಯೆತ್ತಿ ಕೊಡುವಂತಿಲ್ಲ. ಸಾಲ ಅಂತೂ ಇಲ್ಲವೇ ಇಲ್ಲ. ಕೊಟ್ಟರೆ ಆ ವಾರವಿಡೀ ಮನೆಯ ಸಿರಿ ಅದರ ಹಿಂದೆಯೇ ಹೊರಟುಹೋಗುತ್ತದೆ.

"ಆ ದುಡ್ಡು ಇವನ ಮನೇದಾಗಿದ್ರೆ ಇವತ್ತು ಕೊಡೋಕೆ ಇವರಮ್ಮ ಬಿಡ್ತಿದ್ಲಾ?" ಅಂದಳು ಸಾಫ್ತ. "ಯಾರ ಮನೇದೂ ಅಲ್ಲದ ದುಡ್ಡು ಅದು. ನಡೀರಿ."

ಮೇಷ್ಟ್ರು ದಾರಿಯುದ್ದಕ್ಕೂ ಹೆಂಗಸರ ಮೂಢನಂಬಿಕೆ ಎಂದು ಗೊಣಗಿದರು. ಆದರೆ ಆ ಮಾತು ತಲೆಗೆ ಮುಳ್ಳಿನಂತೆ ಚುಚ್ಚಿಕೊಂಡಿತು. ಸಾಲ ಕೇಳುವವನು ನಂಬಿಕಸ್ಥನೇ ಎಂದು ಲೋಕವೆಲ್ಲ ನೋಡುತ್ತದೆ. ಕೊಡುವವನು ನಂಬಿಕಸ್ಥನೇ ಎಂದು ನೋಡುವುದು ಹೇಗೆ?

ಪೇಟೆಯ ಬ್ಯಾಂಕಿನಲ್ಲಿ ಹುಡುಗಿಯೊಬ್ಬಳು ನಗುನಗುತ್ತಾ ವಯಸ್ಸು ಬರೆದುಕೊಂಡು, ಪಿಂಚಣಿ ಬರೆದುಕೊಂಡು, ಕಂಪ್ಯೂಟರ್ ಬೇಡ ಅನ್ನುತ್ತಿದೆ ಎಂದಳು. ಯಾಕೆ ಬೇಡ ಅನ್ನುತ್ತದೆ ಎಂದು ಮೇಷ್ಟ್ರು ಕೇಳಿದರು. ಅದು ಕಾರಣ ಹೇಳುವುದಿಲ್ಲ ಎಂದಳು ಪಾಪ. ಮೇಷ್ಟ್ರಿಗೆ ಸಾಲ ಸಿಗದ ದುಃಖಕ್ಕಿಂತ ಕಾರಣ ಸಿಗದ ದುಃಖ ದೊಡ್ಡದಾಯಿತು.

ಸರಿ, ಊರಿನವರನ್ನೇ ಕೇಳೋಣ ಎಂದು ಹೊರಟರು. ಇಲ್ಲಿ ಅವರಿಗೊಂದು ವಿಚಿತ್ರ ಗೊತ್ತಾಯಿತು. ನಮ್ಮೂರ ಗಂಡಸು ಕುಡಿದು ಬಿದ್ದದ್ದನ್ನು ಹೇಳಿಕೊಳ್ಳುತ್ತಾನೆ, ಹೆಂಡತಿ ಪೊರಕೆ ಎತ್ತಿದ್ದನ್ನೂ ಹೇಳಿಕೊಳ್ಳುತ್ತಾನೆ. ಸಾಲ ಮಾಡಿದ್ದನ್ನು ಮಾತ್ರ ಸತ್ತರೂ ಹೇಳುವುದಿಲ್ಲ. ಹೊಸ ತಗಡಿನ ಸೂರು ಹಾಕಿಸಿದವಳನ್ನು ಕೇಳಿದರೆ ಕರು ಮಾರಿದೆ ಅಂದಳು. ಫ್ರಿಜ್ಜು ತಂದವಳನ್ನು ಕೇಳಿದರೆ ಕರು ಮಾರಿದ್ವಿ ಅಂದಳು. ಮಗಳ ಮದುವೆ ಮಾಡಿದವನೂ ಕರು ಮಾರಿದ್ದ. ಇಷ್ಟು ಕರುಗಳು ಸೊಚೇನಿಯಲ್ಲಿ ಹುಟ್ಟಿದ್ದೇ ನಿಜವಾದರೆ ಗುಡ್ಡದ ಮೇಲೆ ಒಂದೆಳೆ ಹುಲ್ಲು ಉಳಿಯುತ್ತಿರಲಿಲ್ಲ ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಮನೆಗೆ ಬಂದು ಈ ಸಂಶೋಧನೆಯನ್ನು ಸಾಫ್ತಳಿಗೆ ಹೇಳಿ ಹೊಟ್ಟೆ ಹಿಡಿದು ನಕ್ಕರು. ಸಾಫ್ತಳಿಗೆ ಅಷ್ಟೇನೂ ನಗು ಬರಲಿಲ್ಲ.

ಪಂಚಾಯ್ತಿ ಊರಿನಲ್ಲಿ ಅಂಚೆ ಕಚೇರಿಯ ಪಕ್ಕ, ಬಣ್ಣ ಹೋದ ಬೋರ್ಡಿನ ಒಂದು ಕೋಣೆ ಇದೆ. ಪರಸ್ಪರ ಸಹಾಯದ ಸಂಘ. ಸೇರಿದವರೆಲ್ಲ ಒಂದಿಷ್ಟು ಪಾಲು ಹಾಕಿ, ಅದರಲ್ಲೇ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುವುದು. ಮೇಷ್ಟ್ರು ಆ ಬೋರ್ಡನ್ನು ಜೀವಮಾನವಿಡೀ ನೋಡಿದ್ದರು. ಬಾಗಿಲಲ್ಲಿ ಯಾರೂ ಹೋಗಿಬಂದದ್ದು ನೋಡಿರಲಿಲ್ಲವಾಗಿ ಮುಚ್ಚಿಹೋಗಿದೆ ಎಂದುಕೊಂಡಿದ್ದರು. ಒಂದು ಸೋಮವಾರ ಪಾದ್ರಿಗಳ ಕಾರು ಆ ಕಡೆ ಹೋಗುತ್ತಿದ್ದಾಗ ಹತ್ತಿಕೊಂಡು ಹೋಗಿ ಬಾಗಿಲು ತಳ್ಳಿದರು. ಅದು ಹಿತ್ತಿಲ ಕಡೆಯೂ ಬಾಗಿಲಿದ್ದ ಕೋಣೆ. ಜನ ಅತ್ತಲಿಂದ ಬರುತ್ತಿದ್ದರು.

ಒಳಗೆ ಎವ್ಫ್ರೋಸಿನ ಎಂಬ ದಪ್ಪ ಕನ್ನಡಕದ ಹೆಂಗಸು ಕುಳಿತಿದ್ದಳು. ಸಂಘದ ಲೆಕ್ಕವೆಲ್ಲ ಅವಳ ಕೈಯಲ್ಲಿ. ಮೇಷ್ಟ್ರು ಹೆಸರು, ಊರು ಹೇಳಿದರು. ಅವಳು ಕನ್ನಡಕದ ಮೇಲಿಂದ ಅವರ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು.

"ಒಟ್ಟು ಎಷ್ಟು ವಾಪಸ್ ಕೊಡ್ಬೇಕು ತಾಯಿ?"

ಅವಳು ಒಂದು ಹಾಳೆಯಲ್ಲಿ ಅಸಲು, ಬಡ್ಡಿ, ಒಟ್ಟು ಬರೆದು, ಒಟ್ಟಿನ ಕೆಳಗೆ ಗೆರೆ ಎಳೆದು ಅವರ ಕಡೆ ತಿರುಗಿಸಿದಳು. ಮೇಷ್ಟ್ರು ಓದಿಕೊಂಡರು. ಮಾತೇ ಇಲ್ಲದೆ ಸಿಕ್ಕ ಉತ್ತರ ಅವರಿಗೆ ಬಹಳ ಹಿಡಿಸಿತು.

"ನಾನು ಸತ್ರೆ?"

"ನಿಮಗೆ ಜಾಮೀನು ನಿಂತವರು ಕಟ್ಟಬೇಕು. ಆದ್ರಿಂದ ಸಾಯೋ ಮುಂಚೆ ಅವರನ್ನೊಂದ್ಸಲ ನೆನಸ್ಕೊಳ್ಳಿ."

"ನಮ್ಮೂರಿನೋರು ಯಾರಾದ್ರೂ ಇಲ್ಲಿ ಸೇರಿದ್ದಾರಾ?"

"ಇರಬಹುದು. ಇಲ್ಲದೇನೂ ಇರಬಹುದು."

"ಒಂದೇ ಒಂದು ಹೆಸರು ಹೇಳಿ ತಾಯಿ. ಸುಮ್ನೆ, ತಿಳ್ಕೊಳ್ಳೋಕೆ."

"ನಾಳೆ ಅವರು ಬಂದು ನಿಮ್ಮ ಹೆಸರು ಕೇಳಿದ್ರೆ ಹೇಳ್ಲಾ?"

ಮೇಷ್ಟ್ರು ಆ ಪ್ರಶ್ನೆಯನ್ನು ಕೈಬಿಟ್ಟರು. ಅವರ ಆಯುಸ್ಸಿನಲ್ಲಿ ಅದು ಅಪರೂಪ.

ಸಾವಿರ ಲೇ ಪಾಲು ಹಾಕಿದರೆ ಮೂರು ಸಾವಿರ ಸಾಲ ಸಿಗುತ್ತದೆ. ಹಲ್ಲು ಕಟ್ಟುವ ವೈದ್ಯರು ಸಾವಿರವನ್ನು ಕೊನೆಗೆ ತೆಗೆದುಕೊಳ್ಳಲು ಒಪ್ಪಿದ್ದರು, ಅದು ಪಿಂಚಣಿಯಲ್ಲಿ ಹೇಗೋ ಹೊಂದುತ್ತದೆ. ಆದರೆ ಇಬ್ಬರ ಜಾಮೀನು ಬೇಕು. ಇಬ್ಬರೂ ಸಂಘದ ಸದಸ್ಯರೇ ಆಗಿರಬೇಕು, ಸಾಲಗಾರನ ಹೆಂಡತಿ ಮಕ್ಕಳ ಸಹಿ ನಡೆಯುವುದಿಲ್ಲ.

"ಜಾಮೀನು ಸಿಕ್ರೆ ದುಡ್ಡು ಅವತ್ತೇ ಸಿಗತ್ತಾ?"

"ಸಿಗತ್ತೆ. ಸೋಮವಾರ ಮಾತ್ರ ಬರಬೇಡಿ. ಇವತ್ತಿನ ಹಾಗೆ ಕಾಗದ ಕೇಳೋಕಾದ್ರೆ ಬನ್ನಿ, ದುಡ್ಡು ಆಚೆ ಹೋಗಲ್ಲ."

"ಹಾಗಂತ ನಿಯಮ ಇದೆಯಾ?"

"ನಿಯಮ ಎಲ್ಲೂ ಇಲ್ಲ. ಆದ್ರೆ ಇದು ಜನರ ಮನೆ ದುಡ್ಡು. ಸೋಮವಾರ ಕೊಟ್ಟೆ ಅಂತ ಗೊತ್ತಾದ್ರೆ ಪಾಲು ಹಾಕಿದ ಅಜ್ಜಿಯರು ನನ್ನ ಜುಟ್ಟು ಹಿಡೀತಾರೆ."

ಮೇಷ್ಟ್ರಿಗೆ ಎದ್ದು ಅವಳ ಕೈಗೆ ಮುತ್ತಿಡಬೇಕು ಅನ್ನಿಸಿತು. ಹುಡುಕುತ್ತಿದ್ದ ಜಾಗ ಇದೇ.

ಮನೆಗೆ ಬಂದು ಎಲ್ಲ ಹೇಳಿದರು. ಸಾವಿನ ದುಡ್ಡಿನಲ್ಲಿ ತನ್ನ ಅರ್ಧ ಕೇಳಲು ದೊಡ್ಡ ಪೀಠಿಕೆಯನ್ನೇ ಸಿದ್ಧಮಾಡಿಕೊಂಡಿದ್ದರು. ಬೇಕಾಗಲಿಲ್ಲ. ಸಾಫ್ತ ಕೈ ಒರೆಸಿಕೊಂಡು, ಪೆಟ್ಟಿಗೆ ತೆಗೆದು, ಸಾವಿರ ಎಣಿಸಿ ಮೇಜಿನ ಮೇಲಿಟ್ಟಳು.

"ತಗೊಳ್ಳಿ. ನೀವು ಮೊದಲು ಸತ್ರೆ ನನ್ನ ಶವಪೆಟ್ಟಿಗೇಲೇ ಮಲಗಿಸ್ತೀನಿ. ಸ್ವಲ್ಪ ಮೊಣಕಾಲು ಮಡಿಸ್ಕೋಬೇಕಾಗತ್ತೆ, ಅಷ್ಟೆ."

ಈಗ ಉಳಿದದ್ದು ಜಾಮೀನು. ಯಾರು ಸದಸ್ಯರೆಂದು ಸಂಘ ಹೇಳುವುದಿಲ್ಲ, ಸದಸ್ಯರೂ ಹೇಳುವುದಿಲ್ಲ. ಊರೆಲ್ಲ ಕರು ಮಾರಿದವರೇ. ಹೀಗಿರುವಾಗ ಕೇಳುವುದು ಯಾರನ್ನು? ಮೇಷ್ಟ್ರು ದಿನಗಟ್ಟಲೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಬೇರೆಯವರ ಗುಟ್ಟು ಕೇಳಿ ಕೇಳಿ ಸೋತಾಯಿತು, ಇನ್ನು ತನ್ನದನ್ನೇ ಹೇಳಿಬಿಡಬೇಕು.

ಈಸ್ಟರ್ ಉಪವಾಸದ ಒಂದು ಶನಿವಾರ ಚರ್ಚಿನ ಅಂಗಳದಲ್ಲಿ ಊರಿನ ಎಲ್ಲ ಸತ್ತವರ ಹೆಸರಲ್ಲಿ ಊಟ. ಉದ್ದನೆ ಮೇಜು, ಅರೆದ ಹುರುಳಿಕಾಯಿ ಬೀಜದ ಗೊಜ್ಜು, ಮೇಲೆ ಹುರಿದ ಈರುಳ್ಳಿ. ಹಲ್ಲಿಲ್ಲದವರಿಗೆ ದೇವರೇ ಕಳಿಸಿದ ಊಟ. ಮೇಷ್ಟ್ರು ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತರು. ಹಾಡುತ್ತಾರೆಂದು ಜನ ಚಮಚ ಕೆಳಗಿಟ್ಟರು.

"ನಾನು ಸಾಲ ಮಾಡ್ತಿದ್ದೀನಿ," ಅಂದರು ಮೇಷ್ಟ್ರು. "ಹಲ್ಲು ಕಟ್ಟಿಸೋಕೆ. ಅಂಚೆ ಕಚೇರಿ ಪಕ್ಕದ ಸಂಘದಲ್ಲಿ. ಇಬ್ಬರು ಜಾಮೀನು ಬೇಕು. ಯಾರ ಹತ್ರ ಕೇಳ್ಬೇಕು ನನಗೆ ಗೊತ್ತಿಲ್ಲ. ನಂಗೆ ಕರು ಇಲ್ಲ, ಮಾರಿದೆ ಅಂತ ಹೇಳೋಕೆ."

ಎಲ್ಲರೂ ಗೊಜ್ಜಿನೊಳಗೆ ಏನೋ ಕಳೆದುಕೊಂಡವರಂತೆ ತಟ್ಟೆಯನ್ನೇ ನೋಡತೊಡಗಿದರು. ಪಾದ್ರಿಗಳ ಕಿವಿ ಕೆಂಪಾಯಿತು. ಮೇಷ್ಟ್ರು ಕೂತುಬಿಡಲೇ ಎಂದುಕೊಳ್ಳುವಾಗ ಮೇಜಿನ ಕೊನೆಯಲ್ಲಿ ಪ್ರೋಫಿರ ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು.

"ನಮ್ಮನೆ ಸೂರು ಆ ಸಂಘದ ಸಾಲದ್ದೇ," ಅಂದಳು. "ಕರು ಅಲ್ಲ. ನಮ್ಮನೇಲಿ ಹಸೂನೇ ಇಲ್ಲ, ಕರು ಎಲ್ಲಿಂದ ಬರ್ಬೇಕು. ಮೇಷ್ಟ್ರ ಹಲ್ಲು ಕಿತ್ತಿದ್ದು ನನ್ನ ರೊಟ್ಟಿ. ನಾನು ಸಹಿ ಹಾಕ್ತೀನಿ."

ಯಾರೋ ನಕ್ಕರು, ಊಟ ಮುಂದುವರಿಯಿತು. ಆದರೆ ಎರಡನೆಯವರು ಏಳಲಿಲ್ಲ. ಆ ವಾರ ಹೋಯಿತು. ಹಲ್ಲು ಮಾಡಲು ಮೂರು ವಾರವಾದರೂ ಬೇಕೆಂದು ವೈದ್ಯರು ಹೇಳಿದ್ದರು. ಇನ್ನು ತಡವಾದರೆ ಗರಿಗಳ ಭಾನುವಾರ ದಾಟುತ್ತಿತ್ತು. ಮೇಷ್ಟ್ರು ಚರ್ಚಿಗೆ ಹೋಗಿ ತನ್ನ ಕಟಕಟೆಯನ್ನು ಒರೆಸಿದರು, ಮತ್ತೆ ಒರೆಸಿದರು. ಕಣ್ಣು ತುಂಬಿಬಂತು. ಯಾರೂ ಇರಲಿಲ್ಲವಾಗಿ ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ನಾಯಿ ಬೊಗಳಿತು. ಸೈಕಲ್ ಹಿಡಿದು ನಿಂತಿದ್ದವನು ಇರಿಮಿಯ.

"ಜಾಗ ಅಳತೆ ಮಾಡೋಕೆ ಬಂದ್ಯಾ?" ಅಂದರು ಮೇಷ್ಟ್ರು. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

ಇರಿಮಿಯ ಬೆರಳಿನಿಂದ ತನ್ನ ಮುಂಬಲ್ಲನ್ನು ಟಕಟಕ ತಟ್ಟಿದ.

"ಇದು ಸಂಘದ ಹಲ್ಲು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಕೊನೇ ಕಂತು ಕಟ್ಟಿದೆ. ಕೋಟು ಹಾಕ್ಕೊ, ಬಸ್ ಬರತ್ತೆ."

ಮೇಷ್ಟ್ರಿಗೆ ತಾನು ಕೇಳಿದ್ದು ನಿಜವೇ ಅನ್ನಿಸಿತು. ಈ ಹಲ್ಲನ್ನು ಎಷ್ಟು ಸಲ ಹೊಟ್ಟೆಕಿಚ್ಚಿನಿಂದ ನೋಡಿದ್ದರು.

"ಸ್ವಲ್ಪ ಯೋಚ್ನೆ ಮಾಡೋ. ನಾನು ಹಾಡಿದ್ರೆ ತಾನೇ ಕಂತು ಕಟ್ಟೋದು? ನೀನು ಸಹಿ ಹಾಕಿ, ನನ್ನ ಜಾಗಕ್ಕೂ ನೀನೇ ಬಂದ್ರೆ, ನಿನ್ನ ಜೇಬಿಗೇ ಕತ್ತರಿ."

"ಅಷ್ಟು ಲೆಕ್ಕ ನನಗೆ ಬರಲ್ಲ ಅಂದ್ಕೊಂಡ್ಯಾ?" ಅಂದ ಇರಿಮಿಯ. "ನಿನ್ನ ಜಾಗಕ್ಕೆ ಬರಲ್ಲ ಅಂತ ಪಾದ್ರಿಗಳಿಗೆ ಹೇಳೇ ಬಂದಿದ್ದೀನಿ. ಅವತ್ತು ಶ್ರುತಿ ತಪ್ಪಿದ್ದು ಮಾತ್ರ ನೀನೇ."

"ನೀನೇ."

"ಆಯ್ತು, ಬಸ್ಸಲ್ಲಿ ಜಗಳ ಆಡೋಣ."

ಬಸ್ಸಿನಲ್ಲಿ ಮೇಷ್ಟ್ರು ಕೇಳಬೇಕಾದ್ದನ್ನು ಕೇಳಿದರು. ನಿನಗೆ ಯಾರು ಜಾಮೀನು ನಿಂತದ್ದು? ಇರಿಮಿಯ ಕಿಟಕಿಯ ಆಚೆ ನೋಡುತ್ತಾ, ಮೊದಲು ಹಲ್ಲು ಬರಲಿ, ಆಮೇಲೆ ಹೇಳುತ್ತೇನೆ ಎಂದ. ಇಡೀ ಮೂರು ವಾರ ಆ ಪ್ರಶ್ನೆ ಮೇಷ್ಟ್ರನ್ನು ಒಸಡಿನ ನೋವಿಗಿಂತ ಹೆಚ್ಚು ಕಾಡಿತು.

ಗರಿಗಳ ಭಾನುವಾರ ನಮ್ಮಲ್ಲಿ ಗರಿಯ ಬದಲು ಮೊಗ್ಗು ಬಿಟ್ಟ ವಿಲ್ಲೋ ಕಡ್ಡಿ ಹಿಡಿಯುತ್ತಾರೆ. ಚರ್ಚು ತುಂಬಿತ್ತು. ಮೇಷ್ಟ್ರು ಹೊಸ ಹಲ್ಲಿನಲ್ಲಿ ಬಾಯಿ ತೆರೆದರು. ಮೊದಲ ಸಾಲು ಸ್ವಲ್ಪ ತೊಡರಿತು, ಹೊಸ ಚಪ್ಪಲಿಯಲ್ಲಿ ನಡೆದ ಹಾಗೆ. ಎರಡನೆಯ ಸಾಲಿಗೆ ದನಿ ನಿಂತಿತು. ಮೂರನೆಯದಕ್ಕೆ ಎದುರಿನ ಎಡಗಡೆಯ ಕಟಕಟೆಯಿಂದ, ಎಷ್ಟೋ ವರ್ಷದಿಂದ ಖಾಲಿ ಬಿದ್ದಿದ್ದ ಜಾಗದಿಂದ, ಇನ್ನೊಂದು ದನಿ ಉತ್ತರ ಕೊಟ್ಟಿತು. ಇರಿಮಿಯ ತನ್ನ ಹಳ್ಳಿಯ ಪೂಜೆ ಬೇಗ ಮುಗಿಸಿ ಸೈಕಲ್ ತುಳಿದು ಬಂದಿದ್ದ. ಸಂಘದ ಹಲ್ಲುಗಳು ಎರಡೂ ಕಡೆಯಿಂದ ಹಾಡಿದವು. ಪ್ರೋಫಿರ ಕಡ್ಡಿ ಹಿಡಿದುಕೊಂಡೇ ಅತ್ತಳು.

ಪೂಜೆ ಮುಗಿದು ಅಂಗಳಕ್ಕೆ ಬಂದ ಕೂಡಲೇ ಮೇಷ್ಟ್ರು ಇರಿಮಿಯನ ಕೋಟು ಹಿಡಿದರು.

"ಹೇಳು. ಯಾರು?"

"ನಿನ್ನ ಸಾಫ್ತ," ಅಂದ ಇರಿಮಿಯ. "ನನ್ನ ಹೆಂಡ್ತಿ ಹೋಗಿ ಕೇಳಿದ್ಲು. ನೀನು ನನ್ನ ಮುಖ ನೋಡ್ತಿರ್ಲಿಲ್ಲ, ಆದ್ರೂ ಬಂದು ಸಹಿ ಹಾಕಿದ್ರು. ಅವರು ನಮಗಿಂತ ಹಳೇ ಸದಸ್ಯರು ಕಣೋ. ನಿನಗೆ ಗೊತ್ತಿಲ್ವಾ?"

ಮೇಷ್ಟ್ರು ಮನೆಗೆ ನಿಧಾನವಾಗಿ ನಡೆದರು. ಉಪವಾಸದಲ್ಲೂ ಮೀನು ತಿನ್ನಬಹುದಾದ ದಿನ ಅದು. ಸಾಫ್ತ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದ ಮೀನನ್ನು ತಟ್ಟೆಗೆ ಹಾಕಿಟ್ಟಿದ್ದಳು. ಮೇಷ್ಟ್ರು ಕುಳಿತರು. ಹೊರಗೆ ವಿಲ್ಲೋ ಕಡ್ಡಿಯನ್ನು ಆಕೆ ಆಗಲೇ ಬಾಗಿಲಿಗೆ ಸಿಕ್ಕಿಸಿದ್ದಳು. ಈ ಬಾಗಿಲು, ಈ ಒಲೆ, ಈ ಹೆಂಗಸು. ಜಿಲ್ಲೆಯನ್ನೆಲ್ಲ ಪ್ರಶ್ನೆ ಕೇಳಿ ಬಂದವರು ಇಲ್ಲಿ ಒಂದನ್ನೂ ಕೇಳಿರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಎದೆ ತುಂಬಿ ಬರುವಷ್ಟು ಪ್ರೀತಿ ಬಂತು.

"ಸಾಫ್ತಾ."

"ಏನು?"

"ನನ್ನ ಕಣ್ಣಿನ ಆಪರೇಷನ್‌ಗೆ ನೀನು ಪುಕ್ಕ ಮಾರಿದ ವರ್ಷ, ನಮ್ಮನೇಲಿ ಎಷ್ಟು ಹೆಬ್ಬಾತು ಇದ್ವು?"

ಸಾಫ್ತ ಅವರ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಮೀನಿನ ಮುಳ್ಳು ಬಿಡಿಸತೊಡಗಿದಳು.

"ಎರಡು," ಅಂದಳು. "ಅದರಲ್ಲೊಂದನ್ನ ಕ್ರಿಸ್‌ಮಸ್‌ಗೆ ತಿಂದ್ವಿ."